ದಹಿಸರ್ ನಾಕಾ ಮತ್ತು ಡ್ರೈವರ್ ಡಿಸ್ಕಿನ ಸಹಿ

ಡ್ರೈವರ್ ಅಂದರೆ ನಮ್ಮ ದಹಿಸರ್‌ನವರಿಗೆ ಮೊದಲು ನೆನಪಾಗುವುದು ಚೆಕ್ ನಾಕಾದಲ್ಲಿ ಲಾರಿ ನಿಲ್ಲಿಸಿ, ಕಾಗದ ಹಿಡಿದು ಬೆವರುತ್ತಿದ್ದವರು. ಆಕ್ಟ್ರಾಯ್ ಇದ್ದ ಕಾಲದ ಮಾತು. ಜಿಎಸ್‌ಟಿ ಬಂದ ದಿನ, 2017ರ ಜುಲೈ 1ಕ್ಕೆ, ಅದು ಮುಗಿಯಿತು. ಲಾರಿಯೊಳಗೆ ಏನಿದೆ ಅನ್ನುವುದಕ್ಕಿಂತ ಕಾಗದದ ಮೇಲೆ ಯಾರ ಮೊಹರು ಇದೆ ಅನ್ನುವುದೇ ಅಲ್ಲಿ ದೊಡ್ಡದು. ನಾನು ಇವತ್ತು ಬರೆಯ ಹೊರಟದ್ದು ಇನ್ನೊಂದು ಜಾತಿಯ ಡ್ರೈವರುಗಳ ಬಗ್ಗೆ. ಕಂಪ್ಯೂಟರಿನ ಡಿಸ್ಕು, ನೆಟ್‌ವರ್ಕ್ ಕಾರ್ಡುಗಳನ್ನು ನಡೆಸುವ ಸಣ್ಣ ತಂತ್ರಾಂಶಗಳು. ಅವಕ್ಕೂ ಒಂದು ನಾಕಾ ಇದೆ, ಮೊಹರಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಹೊಟ್ಟೆಪಾಡಿಗೆ ಇಪ್ಪತ್ತೈದು ವರ್ಷ ಈ ನಾಕಾದಲ್ಲಿ ನಿಂತವನು ನಾನು.

ಮೊದಲು ಹೀಗಿರಲಿಲ್ಲ ನೋಡಿ. ವಿಂಡೋಸ್ 2000, ಎಕ್ಸ್‌ಪಿ, ಸರ್ವರ್ 2003 ಇವುಗಳನ್ನು ಹಾಕುವಾಗ ನೀಲಿ ಪರದೆಯ ಬುಡದಲ್ಲಿ ಒಂದು ಸಾಲು ಬರುತ್ತಿತ್ತು, ಬೇರೆಯವರ ಡ್ರೈವರ್ ಬೇಕಿದ್ದರೆ ಎಫ್6 ಒತ್ತಿ ಅಂತ. ಕೆಲವೇ ಸೆಕೆಂಡು. ಚಹಾ ಕುಡಿಯಲು ತಿರುಗಿದಿರೋ, ಹೋಯಿತು, ಮತ್ತೆ ಮೊದಲಿಂದ. ಒತ್ತಿದರೆ ಫ್ಲಾಪಿ ಹಾಕು ಅನ್ನುತ್ತಿತ್ತು. ಫ್ಲಾಪಿಯೇ ಆಗಬೇಕು, ಎ: ಡ್ರೈವೇ ಆಗಬೇಕು. ಲ್ಯಾಮಿಂಗ್ಟನ್ ರೋಡಿನಿಂದ ಹತ್ತು ಫ್ಲಾಪಿ ತಂದರೆ ಅದರಲ್ಲಿ ಎರಡು ಓದುತ್ತಿರಲಿಲ್ಲ. ಆದರೂ ಆ ಫ್ಲಾಪಿಯನ್ನು ನಾವೇ ತಯಾರಿಸಬಹುದಿತ್ತು, ನಾವೇ ತಿದ್ದಬಹುದಿತ್ತು. ಸಹಿ ಇಲ್ಲದಿದ್ದರೆ ವಿಂಡೋಸ್ ಒಂದು ಸಲ ಗೊಣಗುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಸರ್ವರುಗಳು ಕಬ್ಬಿಣದ ಡಬ್ಬ ಬಿಟ್ಟು ಗಾಳಿಗೆ ಹಾರಿದವು. ಒಂದೇ ಯಂತ್ರದ ಹೊಟ್ಟೆಯಲ್ಲಿ ಹತ್ತು ಸುಳ್ಳು ಯಂತ್ರಗಳು! ವಿಎಂವೇರ್ ಮೊದಲೇ ಇತ್ತು, ದುಡ್ಡಿದ್ದವರಿಗೆ. ಇಸ್ರೇಲಿನ ಕ್ಯೂಮ್ರಾನೆಟ್ ಎಂಬ ಪುಟ್ಟ ಕಂಪನಿಯ ಅವಿ ಕಿವಿಟಿ 2006ರ ಅಕ್ಟೋಬರಿನಲ್ಲಿ ಕೆವಿಎಂ ಅನ್ನು ಲಿನಕ್ಸ್ ಜನರ ಮುಂದಿಟ್ಟರು. 2007ರ ಫೆಬ್ರವರಿಯಲ್ಲಿ ಅದು ಲಿನಕ್ಸ್ 2.6.20ರ ಒಳಗೇ ಸೇರಿಹೋಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ರೆಡ್ ಹ್ಯಾಟ್ 10.7 ಕೋಟಿ ಡಾಲರ್ ಕೊಟ್ಟು ಕ್ಯೂಮ್ರಾನೆಟ್ಟನ್ನೇ ಕೊಂಡಿತು.

ಇಲ್ಲಿ ಒಂದು ತೊಡಕು. ಸುಳ್ಳು ಯಂತ್ರದೊಳಗಿನ ವಿಂಡೋಸಿಗೆ ತಾನು ಸುಳ್ಳು ಯಂತ್ರದಲ್ಲಿದ್ದೇನೆ ಅಂತ ಗೊತ್ತಿಲ್ಲ. ಅದಕ್ಕೆ ಕಾಣುವುದು 1996ರ ಇಂಟೆಲ್ 440ಎಫ್ಎಕ್ಸ್ ಚಿಪ್‌ಸೆಟ್ಟಿನ ವೇಷ. ಡಿಸ್ಕಿನಿಂದ ಒಂದು ತುಣುಕು ಓದಬೇಕಾದರೂ ಇಲ್ಲದ ಚಿಪ್ಪಿನ ಬಾಗಿಲನ್ನು ಅದು ನಾಲ್ಕಾರು ಸಲ ತಟ್ಟುತ್ತದೆ. ಪ್ರತಿ ತಟ್ಟಿಗೂ ಕೆಳಗಿನ ಲಿನಕ್ಸ್ ಎದ್ದು ಬಂದು ನಾಟಕ ಆಡಬೇಕು. ಕೆಲಸ ಆಮೆವೇಗ. ಇದಕ್ಕೆ ಮದ್ದಾಗಿ ಆಸ್ಟ್ರೇಲಿಯಾದ ರಸ್ಟಿ ರಸೆಲ್ ವರ್ಟಿಯೋ ಎಂಬ ವ್ಯವಸ್ಥೆ ಮಾಡಿದರು. ನಾಟಕ ಬೇಡ, ಇಬ್ಬರಿಗೂ ಕಾಣುವಂತೆ ಮೆಮೊರಿಯಲ್ಲಿ ಒಂದು ಸಾಲು ಇಟ್ಟುಕೊಳ್ಳೋಣ, ಬೇಕಾದದ್ದನ್ನು ನೀನು ಬರೆದಿಡು, ನಾನು ತಂದಿಡುತ್ತೇನೆ. 2008ರ ಜನವರಿಯ ಲಿನಕ್ಸ್ 2.6.24ರಲ್ಲಿ ಅದು ಬಂತು. ಲಿನಕ್ಸಿನವರಿಗೆ ಮನೆಯೂಟ. ವಿಂಡೋಸಿಗೆ ಮಾತ್ರ ಹೊರಗಿನಿಂದ ಡಬ್ಬಿ ಹೋಗಬೇಕು. ಡಿಸ್ಕಿಗೆ ವಿಯೋಸ್ಟೋರ್, ನೆಟ್‌ವರ್ಕಿಗೆ ನೆಟ್‌ಕೆವಿಎಂ. ಡಬ್ಬಿ ಯಾವುದು? ಸರ್ವರ್ 2003ಕ್ಕೆ ಅದೇ ಎಫ್6, ಅದೇ ಫ್ಲಾಪಿ. ಇಲ್ಲದ ಯಂತ್ರದ ಇಲ್ಲದ ಡ್ರೈವಿಗೆ ಇಲ್ಲದ ಫ್ಲಾಪಿ! 14,74,560 ಬೈಟಿನ ಒಂದು ಫೈಲು ಮಾಡಿ, ಅದನ್ನು ಫ್ಲಾಪಿಯಂತೆ ಫಾರ್ಮ್ಯಾಟ್ ಮಾಡಿ, ಅದರೊಳಗೆ ಡ್ರೈವರ್ ತುಂಬಿಸುತ್ತಿದ್ದೆ. ಎಲ್ಲೋ ತಪ್ಪಿದರೆ 7ಬಿ ನಂಬರಿನ ನೀಲಿ ಪರದೆ, ಅಂದರೆ ನನಗೆ ನನ್ನ ಡಿಸ್ಕೇ ಕಾಣುತ್ತಿಲ್ಲ ಅಂತ ವಿಂಡೋಸಿನ ಅಳು.

ಇನ್ನು ಮೊಹರಿನ ಕಥೆ. 2007ರ ಜನವರಿಯಲ್ಲಿ ಎಲ್ಲರ ಕೈಗೆ ಬಂದ ವಿಸ್ಟಾದ 64 ಬಿಟ್ ಆವೃತ್ತಿಯಿಂದ ಗೊಣಗಾಟ ಹೋಗಿ ಗೋಡೆ ಬಂತು. ಸಹಿ ಇಲ್ಲದ ಡ್ರೈವರಿಗೆ ಕರ್ನೆಲ್ಲಿನೊಳಗೆ ಪ್ರವೇಶವೇ ಇಲ್ಲ. ಸಹಿ ಅಂದರೆ ಹೀಗೆ: ಪ್ರತಿ ಫೈಲಿನಿಂದ ಲೆಕ್ಕ ಹಾಕಿ ಒಂದು ಹ್ಯಾಷ್, ಅಂದರೆ ಹೆಬ್ಬೆಟ್ಟಿನ ಗುರುತು, ತೆಗೆದು ಕೆಟಲಾಗ್ ಎಂಬ ಪಟ್ಟಿಯಲ್ಲಿ ಬರೆಯುತ್ತಾರೆ. ಆ ಪಟ್ಟಿಗೆ ಕಂಪನಿಯ ಗುಟ್ಟಿನ ಕೀಲಿಯಿಂದ ಸಹಿ. ಆ ಕಂಪನಿ ಯಾರು ಅಂತ ವೆರಿಸೈನ್‌ನಂಥವರು ಹೇಳಬೇಕಿತ್ತು, ವೆರಿಸೈನ್ ಯಾರು ಅಂತ ಮೈಕ್ರೋಸಾಫ್ಟ್ ಹೇಳಬೇಕಿತ್ತು. ನಮಗೇನು ಇದು ಹೊಸದಲ್ಲ. ಊರಿಂದ ಬಂದ ಹುಡುಗ ಇಂಥವರ ಮಗ ಅಂತ ಯಾರದಾದರೂ ಚೀಟಿ ತಂದರೇ ತಾನೆ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮಲಗಲು ಜಾಗ! ಡಿಸ್ಕ್ ಡ್ರೈವರಿಗೆ ಇನ್ನೊಂದು ಕಟ್ಟಳೆ, ಸಹಿ ಕೆಟಲಾಗಿನಲ್ಲಿ ಇದ್ದರೆ ಸಾಲದು, ಡ್ರೈವರಿನ ಮೈಮೇಲೇ ಇರಬೇಕು. ಯಾಕೆಂದರೆ ಯಂತ್ರ ಏಳುವ ಹೊತ್ತಿನಲ್ಲಿ ಲೋಡರ್ ಕೆಟಲಾಗ್ ಹುಡುಕುತ್ತಾ ಹೊತ್ತು ಕಳೆಯಬಾರದು. ಇದನ್ನು ಯೋಚಿಸಿದವರಿಗೆ ಒಂದು ನಮಸ್ಕಾರ.

ಹೀಗಾಗಿ ಕೆವಿಎಂ ಮುಕ್ತ, ಡ್ರೈವರಿನ ಮೂಲ ಬರಹವೂ ಮುಕ್ತ, ಆದರೆ ಮೊಹರಿನ ದಾರಿ ಮಾತ್ರ ಎದುರಾಳಿಯ ಅಂಗಳದಲ್ಲಿ. 2009ರ ಫೆಬ್ರವರಿಯಲ್ಲಿ ರೆಡ್ ಹ್ಯಾಟೂ ಮೈಕ್ರೋಸಾಫ್ಟೂ ಕೂತು ಒಪ್ಪಂದ ಮಾಡಿಕೊಂಡವು, ನಿನ್ನ ಮನೆಯಲ್ಲಿ ನನ್ನದನ್ನು, ನನ್ನ ಮನೆಯಲ್ಲಿ ನಿನ್ನದನ್ನು ಪರೀಕ್ಷೆ ಮಾಡಿ ಒಪ್ಪೋಣ ಅಂತ. ಅದೇ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಹೈಪರ್-ವಿಗೆ ಬೇಕಾದ ಲಿನಕ್ಸ್ ಡ್ರೈವರುಗಳನ್ನು, ಸುಮಾರು 20,000 ಸಾಲು, ಜಿಪಿಎಲ್ ಅಡಿಯಲ್ಲಿ ಲಿನಕ್ಸಿಗೆ ಕೊಟ್ಟಿತು. ಎರಡೂ ಬಾಗಿಲು ತಟ್ಟಿದ್ದೇ, ಆದರೆ ವ್ಯತ್ಯಾಸ ನೋಡಿ. ಒಂದು ಕಡೆ ಬರಹ ತೆರೆದಿಟ್ಟರೆ ಪ್ರವೇಶ, ಇನ್ನೊಂದು ಕಡೆ ಸಹಿ ತಂದರೆ ಪ್ರವೇಶ.

2013ರ ಒಂದು ಶನಿವಾರ. ಅಂಧೇರಿಯ ಒಂದು ಆಫೀಸು, ಹೆಸರು ಬೇಡ. ಹಳೆಯ ಸರ್ವರ್ ಸಾಯುತ್ತಿತ್ತು, ತಿಂಗಳ ಕೊನೆ, ಅರುವತ್ತು ಜನರ ಸಂಬಳದ ಲೆಕ್ಕ ಅದರಲ್ಲಿ. ಕೆವಿಎಂ ಮೇಲೆ ಸರ್ವರ್ 2012 ಹಾಕಿ ಭಾನುವಾರದೊಳಗೆ ಸಾಗಿಸಬೇಕು. ಬೇಕಾದ ಡ್ರೈವರುಗಳನ್ನಷ್ಟೇ ಆರಿಸಿ, ವಿಂಡೋಸ್ ಕೇಳುವ ಪ್ರಶ್ನೆಗಳಿಗೆ ಉತ್ತರದ ಫೈಲನ್ನೂ ಸೇರಿಸಿ ನಾನೇ ಒಂದು ಸಿಡಿ ಇಮೇಜ್ ಕಟ್ಟಿದ್ದೆ. ರಾತ್ರಿ ಹತ್ತಕ್ಕೆ ವಿಂಡೋಸ್ ಹೇಳಿತು, ಸಹಿ ಇರುವ ಡ್ರೈವರ್ ಯಾವುದೂ ಸಿಗಲಿಲ್ಲ. ಮತ್ತೆ ಕಟ್ಟಿದೆ, ಮತ್ತೆ ಅದೇ. ಮೆಮೊರಿ ಬದಲಿಸಿದೆ, ಕೆವಿಎಂ ಬೈದೆ, ಕ್ಯಾಲೆಂಡರ್ ಗಡಿಯಾರ ನೋಡಿದೆ. ಕೊನೆಯ ಲೋಕಲ್ ತಪ್ಪಿತು. ಮನೆಯವಳು ಫೋನಿನಲ್ಲಿ, "ಅಲ್ಲೇ ಮಲಗಿ ಮಾರಾಯ್ರೆ, ಈ ಹೊತ್ತಿಗೆ ರಿಕ್ಷಾದಲ್ಲಿ ಬರುವುದು ಬೇಡ" ಅಂದಳು. ಎರಡು ಕುರ್ಚಿ ಜೋಡಿಸಿ ಒರಗಿದವನಿಗೆ ಮೂರು ಗಂಟೆಗೆ ಹೊಳೆಯಿತು. ಒಂದು ವಾರ ಮೊದಲು ಐಎನ್ಎಫ್ ಫೈಲಿನ ತಲೆಯಲ್ಲಿ, ನೆನಪಿಗಿರಲಿ ಅಂತ, ನನ್ನ ಹೆಸರು ಮತ್ತು ತಾರೀಕು ಬರೆದಿದ್ದೆ. ಕಾಮೆಂಟು, ಯಂತ್ರ ಓದುವುದೂ ಇಲ್ಲ. ಆದರೆ ಹ್ಯಾಷ್ ಬದಲಾಗುತ್ತದಲ್ಲ! ಕೆಟಲಾಗಿನ ಲೆಕ್ಕಕ್ಕೆ ಅದು ಬೇರೆಯೇ ಫೈಲು. ಮೂಲದ್ದನ್ನು ಮತ್ತೆ ಹಾಕಿದೆ, ಮೊದಲ ಸಲಕ್ಕೇ ಡಿಸ್ಕ್ ಕಂಡಿತು. ಸೋಮವಾರ ಸಂಬಳದ ಲೆಕ್ಕ ಸಿಕ್ಕಿತು. ಯಾರಿಗೂ ಹೇಳಲಿಲ್ಲ, ಇವತ್ತು ನಿಮಗೆ ಹೇಳುತ್ತಿದ್ದೇನೆ.

ಸಿಟ್ಟು ಬಂದಿತ್ತು, ನಿಜ. ಆದರೆ ನಾನೊಂದು ಸಾಲು ಸೇರಿಸಿದ್ದನ್ನು ಹಿಡಿದ ಸಹಿ, ಕಳ್ಳನೊಬ್ಬ ಸೇರಿಸಿದ್ದನ್ನೂ ಹಿಡಿಯುತ್ತದೆ. ಕಳ್ಳ ಮೊಹರನ್ನೇ ಕದ್ದರೆ? 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಹಾಗೆಯೇ ಬಂದದ್ದು. ಇರಾನಿನ ಅಣುಕೇಂದ್ರದ ಯಂತ್ರಗಳನ್ನು ಹಾಳುಮಾಡಲು ಹೊರಟ ಆ ಹುಳುವಿನ ಡ್ರೈವರಿಗೆ ತೈವಾನಿನ ರಿಯಲ್‌ಟೆಕ್ ಕಂಪನಿಯ ಅಸಲಿ ಸಹಿ ಇತ್ತು. ಆಮೇಲೆ ಸಿಕ್ಕ ಇನ್ನೊಂದಕ್ಕೆ ಜೆಮೈಕ್ರಾನ್‌ನದು. ಕಾಗದವೆಲ್ಲ ಸರಿ, ಲಾರಿಯಲ್ಲಿದ್ದದ್ದು ಮದ್ದುಗುಂಡು.

2016ರಲ್ಲಿ ವಿಂಡೋಸ್ 10ರ 1607 ಆವೃತ್ತಿಯ ಜೊತೆ ನಾಕಾ ಇನ್ನೂ ಬಿಗಿಯಾಯಿತು. ಸೆಕ್ಯೂರ್ ಬೂಟ್ ಇರುವ ಹೊಸ ಯಂತ್ರಗಳಲ್ಲಿ ಹೊಸ ಡ್ರೈವರಿಗೆ ಮೈಕ್ರೋಸಾಫ್ಟಿನದೇ ಸಹಿ ಬೇಕು. ನಡುವಿನ ಜಾಮೀನುದಾರರ ಕ್ರಾಸ್ ಸರ್ಟಿಫಿಕೇಟುಗಳು ಬಹುತೇಕ 2021ರೊಳಗೆ ಅವಧಿ ಮುಗಿದು ಹೋದವು. ಟೆಸ್ಟ್ ಮೋಡ್ ಹಾಕಿಕೊಂಡು ನಮ್ಮ ಸ್ವಂತ ಸಹಿ ನಡೆಸಬಹುದು, ಆದರೆ ಪರದೆಯ ಮೂಲೆಯಲ್ಲಿ ಆ ಮಾತು ಅಂಟಿಕೊಂಡೇ ಇರುತ್ತದೆ. ಗಿರಾಕಿಗೆ ಹಾಗೆ ಕೊಡಲಾಗುತ್ತದೆಯೇ? ಮೊದಲು ಹಲವರು ಚೀಟಿ ಕೊಡುತ್ತಿದ್ದರು, ಈಗ ಒಬ್ಬರೇ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ, ಸ್ಟಕ್ಸ್‌ನೆಟ್ ನೆನಪಿಸಿಕೊಂಡ ಮೇಲೂ.

ಆ ಶನಿವಾರದ ಸಿಡಿ ಇಮೇಜ್, ನನ್ನ ಹೆಸರಿರುವುದು, ಇನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಎಫ್6 ಫ್ಲಾಪಿ ಜೋಪಾನ ಮಾಡಿದ್ದರೆ, ಅದು ಈಗಲೂ ಓದುತ್ತಿದ್ದರೆ, ದಯವಿಟ್ಟು ತಿಳಿಸಿ.