ನಿಲ್ಲಿಸಿದ್ದ ಕಾರಿಗೆ ಗುದ್ದಿ ಪರಾರಿ: ಪರಿಹಾರ ಪಡೆಯುವ ಬಗೆ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಗೆ ಪ್ರಯಾಣಿಸುವವರಿಗೆ ಮಾಹಿತಿ)

ಕರಾವಳಿಯ ಧರ್ಮಕೇಂದ್ರಗಳಿಂದ ಮಂಡ್ಯ ಜಿಲ್ಲೆಯ ಕಡೆಗೆ ಹೋಗಿ ಬರುವ ಕುಟುಂಬಗಳು ಕಡಿಮೆಯೇನಿಲ್ಲ. 1784ರ ಸೆರೆವಾಸದ ಸ್ಮರಣೆಯಿಂದ ಶ್ರೀರಂಗಪಟ್ಟಣವನ್ನು ನೋಡಲು ಹೋಗುವವರಿದ್ದಾರೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಹೋದವರು ಹಾಗೆಯೇ ಕೆ.ಆರ್.ಎಸ್., ಮೇಲುಕೋಟೆ ನೋಡಿ ಬರುತ್ತಾರೆ. ಬೆಂಗಳೂರಿಗೆ ಹೋಗುವ ನಮ್ಮವರಲ್ಲಿ ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಊಟಕ್ಕೆ ಇಳಿಯುವವರೂ ಅನೇಕರು. ಇಂತಹ ಕಡೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಾಗಿಲು ಒಳಗೆ ಹೋಗಿರುತ್ತದೆ, ಗುದ್ದಿದವರು ಇರುವುದಿಲ್ಲ. ಕಬ್ಬು ಸಾಗಿಸುವ ಕಾಲದಲ್ಲಿ ಪಾಂಡವಪುರ, ಕೆ.ಆರ್. ಪೇಟೆ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಟ್ರೈಲರಿನಿಂದ ಹೊರಚಾಚಿದ ಕಬ್ಬಿನ ಜಲ್ಲೆ ತಾಗಿದರೂ ಸಾಕು, ಕನ್ನಡಿ ಮತ್ತು ದೀಪ ಹೋಗುತ್ತವೆ. ಊರಿನಿಂದ ಇನ್ನೂರು ಕಿಲೋಮೀಟರಿಗೂ ದೂರದಲ್ಲಿ ಹೀಗಾದಾಗ ಏನು ಮಾಡಬೇಕೆಂದು ತಿಳಿಯದೆ ಹೆಚ್ಚಿನವರು ಸುಮ್ಮನೆ ಮನೆಗೆ ಬಂದುಬಿಡುತ್ತಾರೆ. ಆಮೇಲೆ ವಿಮಾ ಕಂಪನಿಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ತಿಳಿಯಬೇಕಾದುದು ಪಾಲಿಸಿ ಯಾವುದೆಂಬುದು. ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದರೆ ನಮ್ಮ ಕಾರಿನ ಹಾನಿಗೆ ನಮ್ಮ ಕಂಪನಿಯಿಂದ ಒಂದು ರೂಪಾಯಿಯೂ ಸಿಗದು. ಅದು ನಮ್ಮಿಂದ ಇತರರಿಗೆ ಆಗುವ ಹಾನಿಗೆ ಮಾತ್ರ. ಸಮಗ್ರ ಪಾಲಿಸಿ ಅಥವಾ ಪ್ರತ್ಯೇಕವಾಗಿ ಪಡೆದ ಓನ್ ಡ್ಯಾಮೇಜ್ ಪಾಲಿಸಿ ಇದ್ದಲ್ಲಿ, ಗುದ್ದಿದವರು ಯಾರೆಂದು ಗೊತ್ತಾಗದಿದ್ದರೂ ಪರಿಹಾರ ಸಿಗುತ್ತದೆ. "ಗಾಡಿ ನಂಬರ್ ಇಲ್ಲ, ಹಾಗಾಗಿ ಕ್ಲೇಮ್ ಆಗದು" ಎಂಬ ಮಾತು ಸರಿಯಲ್ಲ.

ಸ್ಥಳದಲ್ಲಿ ಮಾಡಬೇಕಾದುದು

ಕಾರನ್ನು ಕದಲಿಸುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಹಾನಿಯಾದ ಭಾಗ ಮಾತ್ರವಲ್ಲ, ನಂಬರ್ ಪ್ಲೇಟ್, ಕಾರು ನಿಂತ ಜಾಗ, ಸುತ್ತಲಿನ ಅಂಗಡಿಯ ಬೋರ್ಡ್ ಇವೆಲ್ಲ ಚಿತ್ರದಲ್ಲಿ ಬರಲಿ. ಗುದ್ದಿದ ವಾಹನದ ಬಣ್ಣ ನಮ್ಮ ಕಾರಿಗೆ ಅಂಟಿದ್ದರೆ, ದೀಪದ ಚೂರು ಬಿದ್ದಿದ್ದರೆ ಅದರ ಚಿತ್ರವೂ ಬೇಕು. ಬಳಿಕ ಹತ್ತಿರದ ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕಿನ ಸಿಸಿಟಿವಿ ವಿಚಾರಿಸಿ. ಸಣ್ಣ ಅಂಗಡಿಗಳ ಕ್ಯಾಮರಾದಲ್ಲಿ ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ ಅಂದೇ ಕೇಳುವುದು ಲೇಸು. ಕೊಡಲು ಮಾಲೀಕರು ಹಿಂಜರಿದರೆ ಒತ್ತಾಯ ಬೇಡ. ಇಂತಹ ಕಡೆ ಕ್ಯಾಮರಾ ಇದೆ ಎಂದು ದೂರಿನಲ್ಲಿ ಬರೆದರೆ ಪೊಲೀಸರು ಕೇಳಬಹುದು.

ಘಟನೆ ನಡೆದ ಜಾಗ ಯಾವ ಠಾಣೆಗೆ ಸೇರಿದ್ದೆಂದು ಹೊರಗಿನವರಿಗೆ ಗೊಂದಲವಾಗುವುದು ಸಹಜ. ಮೇಲುಕೋಟೆ ಪಾಂಡವಪುರ ತಾಲೂಕಿನಲ್ಲಿದ್ದರೂ ಅಲ್ಲಿಗೆ ಪ್ರತ್ಯೇಕ ಠಾಣೆಯಿದೆ. ಬೆಳ್ಳೂರಿನದು ನಾಗಮಂಗಲ ಠಾಣೆಯಲ್ಲ, ಬೆಳ್ಳೂರು ಠಾಣೆ. ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿಗೂ ಬೇರೆ ಠಾಣೆ. ಗೊತ್ತಾಗದಿದ್ದರೆ 112ಕ್ಕೆ ಕರೆ ಮಾಡಿ ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಸರಹದ್ದು ನೋಡದೆ ಯಾವ ಠಾಣೆಯಲ್ಲೂ ನೀಡಬಹುದು. ಆದರೂ ಖಾಲಿ ಕಾರಿಗೆ ಆದ ಹಾನಿಯ ವಿಷಯದಲ್ಲಿ ಸ್ಥಳೀಯ ಠಾಣೆಗೇ ಹೋಗುವುದು ಅನುಭವದ ಮಾತು.

ದೂರನ್ನು ಕನ್ನಡದಲ್ಲಿ ಒಂದು ಪುಟದೊಳಗೆ ಬರೆಯಿರಿ. ಕಾರನ್ನು ಎಲ್ಲಿ, ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಮರಳಿ ಬಂದದ್ದು ಎಷ್ಟಕ್ಕೆ, ಏನೇನು ಹಾನಿಯಾಗಿದೆ, ನೋಡಿದವರು ಯಾರಾದರೂ ಇದ್ದಾರೆಯೇ ಎಂಬಷ್ಟು ಸಾಕು. ವಾಹನ ಗೊತ್ತಿಲ್ಲದಿದ್ದರೆ "ಅಪರಿಚಿತ ವಾಹನ" ಎಂದೇ ಬರೆಯಬೇಕು, ಊಹೆ ಬೇಡ. ಮೋಟಾರು ವಾಹನ ಕಾಯ್ದೆ 1988ರ 134ನೇ ಕಲಂ ಪ್ರಕಾರ ಅಪಘಾತದಲ್ಲಿ ಇತರರ ಆಸ್ತಿಗೆ ಹಾನಿಯಾದಾಗಲೂ ಚಾಲಕನಿಗೆ ಹೊಣೆಯಿದೆ. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ತಪ್ಪಿದರೆ 187ನೇ ಕಲಂ ಅಡಿಯಲ್ಲಿ ಆರು ತಿಂಗಳ ತನಕ ಸಜೆ ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಆದುದರಿಂದ "ಯಾರಿಗೂ ಗಾಯವಾಗಿಲ್ಲ, ದೂರು ಯಾಕೆ" ಎಂದು ಯಾರಾದರೂ ಅಂದರೆ ಈ ಎರಡು ಕಲಂಗಳನ್ನು ಸೌಜನ್ಯದಿಂದ ನೆನಪಿಸಬಹುದು. ಎಫ್‌ಐಆರ್ ಆಗದಿದ್ದರೂ ಹಿಂಬರಹ ಅಥವಾ ಸ್ವೀಕೃತಿ ಪಡೆಯದೆ ಹೊರಡಬೇಡಿ. ಸಣ್ಣ ಹಾನಿಗೆ ಅನೇಕ ವಿಮಾ ಕಂಪನಿಗಳು ಎಫ್‌ಐಆರ್ ಕೇಳುವುದಿಲ್ಲ, ಸ್ವೀಕೃತಿಯೇ ಸಾಕಾಗುತ್ತದೆ. ಇನ್ನೊಂದು ಮಾತು: ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೇವೆ ಕಳೆದುಹೋದ ವಸ್ತುಗಳಿಗೆ ಮಾತ್ರ, ಅದರಲ್ಲಿ ಇದನ್ನು ದಾಖಲಿಸಿ ಪ್ರಯೋಜನವಿಲ್ಲ.

ವಿಮಾ ಕಂಪನಿಗೆ ಅಂದೇ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ರಿಪೇರಿಗೆ ಮುನ್ನ ಸರ್ವೇಯರ್ ನೋಡಲೇಬೇಕು. ಕಾರು ಓಡಿಸುವ ಸ್ಥಿತಿಯಲ್ಲಿದ್ದರೆ ಮಂಗಳೂರಿಗೋ ಉಡುಪಿಗೋ ತಂದು ಇಲ್ಲಿನ ಗ್ಯಾರೇಜಿನಲ್ಲೇ ತಪಾಸಣೆ ಮಾಡಿಸಲು ಅಡ್ಡಿಯಿಲ್ಲ, ಆದರೆ ಫೋನಿನಲ್ಲಿ ಹಾಗೆಂದು ಮೊದಲೇ ಹೇಳಿರಬೇಕು. ಕ್ಲೇಮ್ ಫಾರಂನಲ್ಲಿ ಚಾಲಕನ ಹೆಸರು ಕೇಳುವ ಕಡೆ ಕಾರನ್ನು ಅಲ್ಲಿ ನಿಲ್ಲಿಸಿದವರ ಹೆಸರು, ಲೈಸನ್ಸ್ ವಿವರ ಕೊಟ್ಟು "ವಾಹನ ನಿಂತಿತ್ತು" ಎಂದು ಸ್ಪಷ್ಟವಾಗಿ ಬರೆಯಿರಿ. "ನಾನೇ ಗೋಡೆಗೆ ತಾಗಿಸಿದೆ ಅಂತ ಬರೆಯಿರಿ, ಬೇಗ ಆಗುತ್ತದೆ" ಎಂದು ಸಲಹೆ ಕೊಡುವವರು ಗ್ಯಾರೇಜುಗಳಲ್ಲಿ ಸಿಗುತ್ತಾರೆ. ಅದು ಸುಳ್ಳು ಮಾತ್ರವಲ್ಲ, ಠಾಣೆಯ ದೂರಿಗೂ ಫಾರಂಗೂ ತಾಳೆಯಾಗದೆ ಇಡೀ ಕ್ಲೇಮೇ ಬಿದ್ದುಹೋಗಬಹುದು. ಹಳೆಯ ಗೀರುಗಳನ್ನು ಇದರೊಂದಿಗೆ ಸೇರಿಸುವುದೂ ಹಾಗೆಯೇ.

ಕ್ಲೇಮ್ ಮಾಡಬೇಕೇ, ಬೇಡವೇ?

ಇದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ತಪ್ಪು ನಮ್ಮದಲ್ಲದಿದ್ದರೂ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಇದು ಅನ್ಯಾಯವೆಂದು ಅನಿಸುವುದು ಸಹಜ, ಆದರೆ ನಿಯಮ ಹಾಗಿದೆ. ಬೋನಸ್ ರಕ್ಷಣೆಯ ಹೆಚ್ಚುವರಿ ಕವರ್ ತೆಗೆದುಕೊಂಡವರಿಗೆ ಮಾತ್ರ ವಿನಾಯಿತಿ.

ಒಂದು ಉದಾಹರಣೆ ನೋಡೋಣ. ಬಂಪರ್ ಬದಲಿಸಲು 6,000, ಬಣ್ಣಕ್ಕೆ 4,000, ಒಟ್ಟು 10,000 ರೂಪಾಯಿ ಬಿಲ್ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಭಾಗಕ್ಕೆ 50 ಶೇಕಡಾ ಸವಕಳಿ ಕಳೆಯುವುದರಿಂದ ಬಂಪರಿಗೆ ಸಿಗುವುದು 3,000. ಬಣ್ಣದ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧವನ್ನು, ಅಂದರೆ 500 ರೂಪಾಯಿ ಕಳೆದು 3,500 ಕೊಡುತ್ತಾರೆ. ಒಟ್ಟು 6,500ರಲ್ಲಿ ಕಡ್ಡಾಯ ಕಡಿತ 1,000 (1500 ಸಿಸಿಗಿಂತ ದೊಡ್ಡ ಎಂಜಿನ್ ಆದರೆ 2,000) ಹೋಗಿ ಕೈಗೆ ಬರುವುದು 5,500. ಇನ್ನೊಂದು ಕಡೆ, ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದು 50 ಶೇಕಡಾ ಬೋನಸಿನಿಂದಾಗಿ 4,000 ಕಟ್ಟುತ್ತಿದ್ದವರು ಮುಂದಿನ ವರ್ಷ ಪೂರ್ತಿ 8,000 ಕಟ್ಟಬೇಕು. ಬೋನಸ್ 20, 25, 35, 45 ಹೀಗೆ ಏರಿ ಮರಳಿ 50ಕ್ಕೆ ಬರುವ ತನಕ ಹೆಚ್ಚುವರಿಯಾಗಿ ಕಟ್ಟುವ ಮೊತ್ತ 4,000, 2,400, 2,000, 1,200, 400, ಒಟ್ಟು 10,000 ರೂಪಾಯಿ. (ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಇಳಿಯುವುದನ್ನು, ತೆರಿಗೆಯನ್ನು ಇಲ್ಲಿ ಬಿಟ್ಟಿದೆ.) 5,500ಕ್ಕಾಗಿ 10,000 ಬಿಟ್ಟುಕೊಡುವುದು ಜಾಣತನವಲ್ಲ. ಝೀರೋ ಡೆಪ್ರಿಸಿಯೇಶನ್ ಇದ್ದು 9,000 ಬಂದರೂ ನಷ್ಟವೇ. ಅದೇ ಬಿಲ್ 50,000 ಆದರೆ ಯೋಚಿಸಲೇಬೇಕಾಗಿಲ್ಲ, ಕ್ಲೇಮ್ ಮಾಡಿ. ಬೋನಸ್ ಇನ್ನೂ ಇಲ್ಲದ ಹೊಸ ಕಾರಿನವರ ಲೆಕ್ಕವೂ ಬೇರೆ.

ಗುದ್ದಿದ ವಾಹನ ಪತ್ತೆಯಾದರೆ

ಆಗ ಆ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ ಪಡೆಯುವ ದಾರಿ ತೆರೆಯುತ್ತದೆ, ನಮ್ಮ ಬೋನಸ್ ಉಳಿಯುತ್ತದೆ. ಕೆಎ-11 ಮಂಡ್ಯದ್ದು, ಕೆಎ-54 ನಾಗಮಂಗಲದ್ದು; ನಂಬರ್ ಪೂರ್ತಿ ಸಿಗದಿದ್ದರೂ ಇಷ್ಟು ಕಂಡಿದ್ದರೆ ದೂರಿನಲ್ಲಿ ಬರೆಯಿರಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆಸ್ತಿ ಹಾನಿಯ ಅರ್ಜಿಯನ್ನೂ ಹಾಕಬಹುದು. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಲು ಅವಕಾಶವಿರುವುದರಿಂದ ಇದಕ್ಕಾಗಿ ಮಂಡ್ಯಕ್ಕೆ ಅಲೆಯಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಆರು ತಿಂಗಳ ಮಿತಿ ಹೇಳಿದೆ, ಅದರೊಳಗೆ ಹಾಕುವುದು ಕ್ಷೇಮ. ಸಾಮಾನ್ಯವಾಗಿ ಕಾರಿನ ಪಾಲಿಸಿಯಲ್ಲಿ ಇತರರ ಆಸ್ತಿ ಹಾನಿಗೆ 7.5 ಲಕ್ಷ, ದ್ವಿಚಕ್ರಕ್ಕೆ 1 ಲಕ್ಷ ರೂಪಾಯಿ ಮಿತಿ ಇರುತ್ತದೆ. ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಇದ್ದಾರೆ. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲ.

ನಿಂತ ಕಾರಿನೊಳಗೆ ಯಾರಾದರೂ ಕುಳಿತಿದ್ದು ಗಾಯಗೊಂಡರೆ ವಿಷಯವೇ ಬೇರೆ. ವಾಹನ ಪತ್ತೆಯಾಗದ ಪ್ರಕರಣಗಳಿಗೆ 2022ರ ಏಪ್ರಿಲ್ 1ರಿಂದ ಕೇಂದ್ರದ ಯೋಜನೆಯಡಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಇದೆ. ಕಾರಿನ ಹಾನಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ಅರ್ಜಿ ಕೊಡಬೇಕಾದುದು ಅಪಘಾತ ನಡೆದ ಜಾಗದ ಕಂದಾಯ ಅಧಿಕಾರಿಗೆ. ಶೀರ್ಷಿಕೆಯ ಕೆಳಗೆ ಹೆಸರಿಸಿದ ನಾಲ್ಕೂ ತಾಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರಿರುವುದರಿಂದ ಅಲ್ಲಿನ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅಥವಾ ಆಯಾ ತಹಶೀಲ್ದಾರರಲ್ಲಿ ವಿಚಾರಿಸಬೇಕು. ಇದಕ್ಕೆ ಎಫ್‌ಐಆರ್ ಇರಲೇಬೇಕು.

ಚರ್ಚಿನ ವಾಹನಗಳ ಬಗ್ಗೆ

ಧರ್ಮಕೇಂದ್ರ, ಕಾನ್ವೆಂಟ್, ಶಾಲೆಗಳ ವಾಹನಗಳಲ್ಲಿ ತೊಂದರೆ ಬರುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಕ್ಲೇಮ್ ಫಾರಂಗೆ ಆರ್‌ಸಿಯಲ್ಲಿ ಹೆಸರಿರುವವರ ಸಹಿ ಬೇಕು. ದಾನಿಗಳು ಕೊಟ್ಟ ಕಾರಿನ ಆರ್‌ಸಿ ಚರ್ಚಿನ ಹೆಸರಿಗೆ ಬದಲಾಗಿದ್ದು ಪಾಲಿಸಿ ಹಳೆಯ ಮಾಲೀಕರ ಹೆಸರಲ್ಲೇ ಉಳಿದಿದ್ದರೆ ಓನ್ ಡ್ಯಾಮೇಜ್ ಕ್ಲೇಮ್ ತಿರಸ್ಕಾರವಾಗುತ್ತದೆ. ಥರ್ಡ್ ಪಾರ್ಟಿ ಭಾಗ ತಾನಾಗಿ ವರ್ಗವಾದರೂ ಸ್ವಂತ ಹಾನಿಯ ಭಾಗ ವರ್ಗವಾಗದೆಂದು ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಕಾರು ಕೈಸೇರಿದ 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಪ್ರವಾಸಕ್ಕೆಂದು ಬಿಳಿ ಬೋರ್ಡಿನ ಖಾಸಗಿ ವಾಹನವನ್ನು ಬಾಡಿಗೆಗೆ ಒಯ್ಯುವುದೂ ಅಪಾಯವೇ, ಅದಕ್ಕೂ ಕ್ಲೇಮ್ ನಿರಾಕರಿಸುತ್ತಾರೆ. ಪ್ರವಾಸದ ಹೊಣೆ ಹೊತ್ತ ಗುರಿಕಾರರು ಹೊರಡುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಕ್ಲೇಮ್ ತಿರಸ್ಕಾರವಾದರೆ

ಕಾರಣವನ್ನು ಲಿಖಿತವಾಗಿ ಕೇಳಿ, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ತಿಳಿಸುವುದು ತಡವಾಯಿತು ಎಂಬುದೊಂದೇ ಕಾರಣಕ್ಕೆ, ತಡಕ್ಕೆ ಸರಿಯಾದ ಕಾರಣವಿದ್ದಾಗಲೂ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕರ್ನಾಟಕದವರಿಗೆ ಬೆಂಗಳೂರಿನ ಕಚೇರಿ, ಕಾಸರಗೋಡಿನವರಿಗೆ ಕೊಚ್ಚಿಯದು. ಪ್ರಾಧಿಕಾರದ ಸಹಾಯವಾಣಿ 155255, ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಅವಧಿ ಇದೆ, ಮತ್ತು 2019ರ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು.