ಮನೆಯ ತಂಪು, ಕಾನೂನಿನ ಸರಳತೆ

ಉದಗಾಂವದಂತಹ ಕೃಷ್ಣಾತೀರದ ಊರುಗಳಲ್ಲಿ ನಮ್ಮ ಹಿರಿಯರು ಮನೆ ಕಟ್ಟಿದ್ದು ಲಿಖಿತ ನಿಯಮಗಳ ನೆರವಿಲ್ಲದೆ. ದಪ್ಪ ಮಣ್ಣಿನ ಗೋಡೆ, ಮಾಳಿಗೆ ಅಥವಾ ಹಂಚು, ಪಡಸಾಲೆ, ಬೆಳಕಿಂಡಿ ಇವೇ ಅವರ ಸಂಹಿತೆಯಾಗಿದ್ದವು. ಬಿಸಿಲಿನ ಕಾವು ಒಳಬರಲು ತಡವಾಗುತ್ತಿತ್ತು. ಒಳಗಿನ ಸೆಕೆಗೆ ಹೊರಹೋಗುವ ದಾರಿಯಿತ್ತು. ಆದರೆ ಮಣ್ಣಿನ ಗೋಡೆ ನೆರೆಗೆ ನಿಲ್ಲದು. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಶಿರೋಳ ತಾಲೂಕಿನ ಜನರು ಇಟ್ಟಿಗೆ, ಸಿಮೆಂಟು, ಸ್ಲ್ಯಾಬುಗಳನ್ನು ನೆಚ್ಚಿದ್ದು ಸಹಜವೇ. ಸ್ಲ್ಯಾಬಿನ ಕಾವಿನೊಡನೆ ಫ್ಯಾನು, ಕೂಲರು, ವಿದ್ಯುತ್ ಬಿಲ್ಲುಗಳೂ ಮನೆ ಹೊಕ್ಕವು.

1973ರ ತೈಲ ಬಿಕ್ಕಟ್ಟಿನ ತರುವಾಯ ಅನೇಕ ದೇಶಗಳು ಕಟ್ಟಡಗಳ ಇಂಧನ ಬಳಕೆಗೆ ಮಿತಿ ವಿಧಿಸಿದವು. ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯ ಆಧಾರದ ಮೇಲೆ 2007ರಲ್ಲಿ ಬಂದ ಸಂಹಿತೆ ದೊಡ್ಡ ವಾಣಿಜ್ಯ ಕಟ್ಟಡಗಳಿಗಷ್ಟೇ ಸಂಬಂಧಿಸಿತ್ತು. ವಾಸದ ಮನೆಗಳ ಸರದಿ ಬಂದದ್ದು 2018ರ ಡಿಸೆಂಬರಿನಲ್ಲಿ, ಇಕೋ-ನಿವಾಸ್ ಸಂಹಿತೆಯ ರೂಪದಲ್ಲಿ.

ಸರಳತೆಯೇ ಅದರ ಗುರಿಯಾಗಿತ್ತು. ತೆರೆಯಬಲ್ಲ ಕಿಟಕಿ-ಬಾಗಿಲುಗಳ ವಿಸ್ತೀರ್ಣವು ನೆಲದ ವಿಸ್ತೀರ್ಣದಲ್ಲಿ ಬಿಸಿ-ಒಣ ಹವೆಯ ಊರುಗಳಲ್ಲಿ ಶೇ. 10, ಸೆಕೆಯ ತೇವಭರಿತ ಊರುಗಳಲ್ಲಿ ಶೇ. 16.66 ಇರಬೇಕು. ಇದನ್ನು ಗೌಂಡಿಯೂ ಟೇಪು ಹಿಡಿದು ಅಳೆಯಬಲ್ಲ. ಗೋಡೆ-ಗಾಜುಗಳ ಮೂಲಕ ನುಗ್ಗುವ ಶಾಖ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದೆಂಬ ನಿಯಮಕ್ಕೆ ಮಾತ್ರ ಗುಣಾಂಕಗಳ ಕೋಷ್ಟಕ ಬೇಕು, ಇಂಜಿನಿಯರರು ಬೇಕು.

ಈ ಸಂಹಿತೆ 500 ಚದರ ಮೀಟರ್ ಹಾಗೂ ಅದಕ್ಕೂ ದೊಡ್ಡ ನಿವೇಶನಗಳಿಗೆಂದು ರಚಿತವಾದದ್ದು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಐದು ಗುಂಟೆ! ಒಂದೆರಡು ಗುಂಟೆಯಲ್ಲಿ ಮನೆ ಕಟ್ಟುವ ಕುಟುಂಬ ಅದರ ಹೊರಗೇ ಉಳಿಯಿತು. ಇತ್ತ ಮಹಾರಾಷ್ಟ್ರದ 2020ರ ಏಕೀಕೃತ ನಿಯಮಾವಳಿ, 150 ಚದರ ಮೀಟರ್‌ವರೆಗಿನ ನಿವೇಶನಗಳಿಗೆ ಪರವಾನಗಿಯ ಕ್ರಮವನ್ನು ಬಹಳ ಹಗುರಗೊಳಿಸಿತು. ಹೀಗೆ ದೊಡ್ಡವರಿಗೆ ಇಂಧನದ ಮಿತವ್ಯಯ, ಸಣ್ಣವರಿಗೆ ಸರಳತೆ ದಕ್ಕಿತು. ಎರಡೂ ಒಂದೇ ಹೊಸ್ತಿಲಲ್ಲಿ ಕೂಡಲಿಲ್ಲ. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನು ಕಾಯ್ದೆಯೊಳಗೆ ತಂದರೂ ಅದರ ಸಾಮಾನ್ಯ ಮಿತಿ 100 ಕಿಲೋವ್ಯಾಟ್. ಅದು ಬಹುಮಹಡಿ ಸಮುಚ್ಚಯಗಳ ಮಾತು.

ಸಣ್ಣ ಮನೆಗೆ ದಪ್ಪ ಪುಸ್ತಕ ಬೇಡ. ಎದುರುಬದುರು ಕಿಟಕಿ, ಪಡುವಣ ಗೋಡೆಗೆ ನೆರಳು, ಕಿಟಕಿಯ ಮೇಲೆ ಅಗಲವಾದ ಛಜ್ಜಾ, ಸ್ಲ್ಯಾಬಿಗೆ ಬಿಳಿ ಸುಣ್ಣ: ಈ ನಾಲ್ಕು ಮಾತುಗಳು ಕನ್ನಡ-ಮರಾಠಿಗಳಲ್ಲಿ ಒಂದೇ ಹಾಳೆಯಲ್ಲಿ ಅಚ್ಚಾಗಿ ಪರವಾನಗಿಯ ಕಾಗದದೊಡನೆ ಮನೆ ಸೇರಲಿ. ಹಿರಿಯರ ಅರಿವನ್ನು ನೆರೆಗೆ ನಿಲ್ಲುವ ಗೋಡೆಯೊಳಗೆ ಉಳಿಸಿಕೊಳ್ಳುವ ಬಗೆ ಇದೇ ಎಂದು ನಾವು ಭಾವಿಸುತ್ತೇವೆ.