ಸಿಟ್ಟು ಯಾರ ಮೇಲೆ, ಯಾರ ಜೊತೆ?

ಕನ್ನಡದಲ್ಲಿ ನಮಗೆ ಒಬ್ಬರ ಮೇಲೆ ಸಿಟ್ಟು ಬರುತ್ತೆ. ಇಂಗ್ಲಿಷಿನವರಿಗೆ ಮಾತ್ರ ಒಬ್ಬರ ಜೊತೆ ಸಿಟ್ಟು: ಆಂಗ್ರಿ ವಿತ್. ಜೊತೆಗೆ ಕೂತು ಕಾಫಿ ಕುಡೀಬಹುದು, ಸಿಟ್ಟಾಗೋದು ಹೇಗೆ ಸ್ವಾಮಿ? ನಮ್ಮೂರ ಹೈಸ್ಕೂಲಲ್ಲಿ ಇದಕ್ಕೆ ಇದ್ದದ್ದು ಒಂದೇ ಉತ್ತರ: "ಅದು ಹಂಗೇ, ಬಾಯಿಪಾಠ ಮಾಡ್ಕೋ." ಆದರೆ ಅದೇನೂ ಸುಮ್ಮನೆ 'ಹಂಗೇ' ಆಗಿದ್ದಲ್ಲ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವಿತ್ ಅಂದರೆ ಮುಖ್ಯವಾಗಿ 'ಎದುರು', 'ವಿರುದ್ಧ'. 'ಜೊತೆ' ಅನ್ನೋದಕ್ಕೆ ಮಿಡ್ ಅಂತ ಬೇರೆಯೇ ಪದ ಇತ್ತು. ಆ ಮಿಡ್ ಕಾಲಕ್ರಮೇಣ ಸತ್ತುಹೋಯಿತು. ಅದರ ಗುರುತು ಈಗ ಸೂಲಗಿತ್ತಿಯ ಹೆಸರಲ್ಲಿದೆ: ಮಿಡ್‌ವೈಫ್, ಅಂದರೆ ಹೆಂಗಸಿನ ಜೊತೆಗಿರುವವಳು. ಮಿಡ್ ಬಿಟ್ಟುಹೋದ ಕೆಲಸವನ್ನೂ ವಿತ್ ವಹಿಸಿಕೊಂಡಿತು. ಅದರ ಹಳೇ ಅರ್ಥ ಮಾತ್ರ ವಿತ್‌ಸ್ಟ್ಯಾಂಡ್, ಫೈಟ್ ವಿತ್ ಇಂಥ ಕಡೆ ಉಳಿದುಕೊಂಡಿತು. ಆಂಗ್ರಿ ವಿತ್ ಕೂಡ ಈ ಜಗಳದ ಮನೆತನದ್ದೇ.

ಅಷ್ಟಕ್ಕೂ ಇಂಗ್ಲಿಷಿಗೆ ಈ ಪ್ರಿಪೊಸಿಷನ್ನುಗಳ ಹಂಗು ಇಷ್ಟೊಂದು ಯಾಕೆ? ನಾವು ಅಪ್ಪನಿಗೆ ಹೆದರ್ತೀವಿ, ಹಾವಿಗೆ ಹೆದರ್ತೀವಿ. ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತೆ. ಅವರಿಗೂ ಹೀಗೇ ವಿಭಕ್ತಿಗಳಿದ್ದವು. ಪದಗಳ ಕೊನೆಯ ಸ್ವರಗಳು ಬಾಯಲ್ಲಿ ಸವೆದೂ ಸವೆದೂ ಒಂದರಂತೆ ಒಂದು ಕೇಳಿಸತೊಡಗಿದವು. ವೈಕಿಂಗರ ಒಡನಾಟ, 1066ರ ನಂತರದ ನಾರ್ಮನ್ ಆಳ್ವಿಕೆಯ ಗೊಂದಲವೂ ಸೇರಿಕೊಂಡವು. ಇಲ್ಲಿ 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ವಿಭಕ್ತಿಗಳನ್ನು ಜೋಡಿಸಿಡುತ್ತಿದ್ದ ಕಾಲಕ್ಕೆ ಅಲ್ಲಿ ಇಂಗ್ಲಿಷು ತನ್ನವನ್ನು ಕಳೆದುಕೊಳ್ಳುತ್ತಿತ್ತು. ಬಿದ್ದುಹೋದ ಪ್ರತ್ಯಯಗಳ ಕೆಲಸ ಆಫ್, ಆ್ಯಟ್, ವಿತ್‌ಗಳ ತಲೆಗೆ ಬಂತು. ಅವೂ ಒಂದು ಕಡೆ ನೆಟ್ಟಗೆ ನಿಲ್ಲಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಇವತ್ತು ನಾವು ಬೈ ಅನ್ನೋ ಎಷ್ಟೋ ಕಡೆ ಆಫ್ ಇದೆ. ಅಫ್ರೇಡ್ ಅಂದರೆ ಮೂಲದಲ್ಲಿ 'ಹೆದರಿಸಲ್ಪಟ್ಟ'. ಆಮೇಲೆ ಬೈ ಬಂದು ಆಫ್‌ನ ಜಾಗ ಹಿಡಿದರೂ ಅಫ್ರೇಡ್ ತನ್ನ ಹಳೇ ಸಂಗಾತಿಯನ್ನು ಬಿಡಲಿಲ್ಲ.

ನನಗೆ ಇನ್ನೂ ಇಷ್ಟವಾದ ಕತೆ ಅವರ್ಸ್ ಪದದ್ದು. ಲ್ಯಾಟಿನ್‌ನಲ್ಲಿ ಅದರ ಅರ್ಥ 'ಮುಖ ತಿರುಗಿಸಿಕೊಂಡ'. ಒಂದರಿಂದ ಮುಖ ತಿರುಗಿಸೋದು ತಾನೇ? ಹಾಗಾಗಿ ಫ್ರಮ್ ಸರಿ, ಟು ಬಳಕೆಯಲ್ಲಿದ್ದರೂ ತಪ್ಪು ಅಂತ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ತೀರ್ಪು ಕೊಟ್ಟ. ಜನ ಕೇಳಲಿಲ್ಲ. 1926ರಲ್ಲಿ ಫೌಲರ್ ಬಳಕೆಯ ಕೈಪಿಡಿ ಬರೆಯುವಾಗ ಫ್ರಮ್ಮೇ ಬೇಕು ಅಂತ ಹಟ ಹಿಡಿಯೋರನ್ನೇ ಅರೆಬರೆ ಪಂಡಿತರು ಅಂತ ಗೇಲಿ ಮಾಡಿದ. ಈಗ ಎಲ್ಲರೂ ಬರೆಯೋದು ಅವರ್ಸ್ ಟು. ಮ್ಯೂಚುವಲ್ ಫಂಡ್‌ನೋರಂತೂ ರಿಸ್ಕ್ ಅವರ್ಸ್ ಅಂತ ಎರಡನ್ನೂ ಕೈಬಿಟ್ಟು ಆರಾಮಾಗಿದ್ದಾರೆ!

ಇದನ್ನೆಲ್ಲ ಕೆದಕೋಕೆ ಕಾರಣ ಇದೆ. ನಾನು ಹಿಂದೆ ಇದ್ದ ಒಂದು ಟೀಮಿನಲ್ಲಿ, ಹಳ್ಳಿ ಕಡೆಯಿಂದ ಬಂದ ಹುಡುಗನೊಬ್ಬ ಕ್ಲೈಂಟ್ ಈಸ್ ಆಂಗ್ರಿ ಆನ್ ಅಸ್ ಅಂತ ಮೇಲ್ ಹಾಕಿದ. ಕನ್ನಡದ 'ಮೇಲೆ' ನೇರವಾಗಿ ಆನ್ ಆಗಿತ್ತು, ಅಷ್ಟೆ. ಕ್ಲೈಂಟ್ ಯಾಕೆ ಸಿಟ್ಟಾಗಿದ್ದಾನೆ, ಯಾವ ಬಗ್ ಅನ್ನೋದನ್ನೆಲ್ಲ ಅವನು ಸರಿಯಾಗಿಯೇ ಹಿಡಿದಿದ್ದ. ಅಪ್ರೈಸಲ್‌ನಲ್ಲಿ ಬಂದದ್ದು ಮಾತ್ರ 'ಕಮ್ಯುನಿಕೇಶನ್ ವೀಕ್'. ಮೇಲ್ ಬರೆಯುವಾಗ ವಿತ್ ಹಾಕು ಅಂತ ಅವನಿಗೆ ನಾನೂ ಹೇಳಿದೆ. ಓದುವವನು ಅಲ್ಲಿ ಎಡವಬಾರದು. ಆದರೆ ಒಂದು ಆನ್ ನೋಡಿ ಆಳಿಗೇ ಮಾರ್ಕ್ಸ್ ಹಾಕೋದು ಯಾವ ನ್ಯಾಯ? ವಿತ್, ಆಫ್, ಟು ಎಲ್ಲವೂ ಅವರವರೇ ಶತಮಾನಗಟ್ಟಲೆ ಹೀಗೆ ಅದಲುಬದಲು ಮಾಡಿಕೊಂಡು ಬಂದವೇ.

ಆ ಷರಾ ಬರೆದವರು ಮೀಟಿಂಗುಗಳಲ್ಲಿ ಬೋರ್ಡ್ ಆಫ್ ಅಂತಿದ್ದರು. ಬೋರ್ ಅನ್ನೋ ಕ್ರಿಯಾಪದ ಈ ಅರ್ಥಕ್ಕೆ ಬಂದದ್ದೇ 18ನೇ ಶತಮಾನದಲ್ಲಿ. ಅದರ ಜೊತೆಗಿದ್ದದ್ದು ವಿತ್ ಅಥವಾ ಬೈ. ಟೈರ್ಡ್ ಆಫ್ ನೋಡಿಕೊಂಡು ಈಚೆಗೆ ಆಫ್ ಸೇರಿಕೊಂಡಿದೆ. ಅದನ್ನು ಕಂಡರೆ ಇವತ್ತಿಗೂ ಕೆಂಪು ಪೆನ್ನು ಹಿಡಿಯುವ ಇಂಗ್ಲಿಷ್ ಸಂಪಾದಕರಿದ್ದಾರೆ. ನಮ್ಮ ಮೀಟಿಂಗಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.